ಮೊದಲ ಲೈನಿನ ದೀಪ

"ನಮ್ಮಮ್ಮನಿಗೆ ಹೇಳಿದ್ದು ಯಾರು?"

ಡಾಕ್ಟರ್ ಶಿವರುದ್ರಸ್ವಾಮಿಯವರ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಕನಕರಾಜು ಕೇಳಿದ ಮೊದಲ ಮಾತೇ ಅದು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ಚಾಮರಾಜನಗರದ ಅಂಗಡಿಗಳು ಆಗಷ್ಟೇ ಬಾಗಿಲು ತೆರೆಯುತ್ತಿದ್ದವು. ಮಗಳ ಕೆಮ್ಮು ತೋರಿಸಲು ನಾನು ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದೆ. ಆಯಾ ಸಣ್ಣಮ್ಮ ನೆಲ ಒರೆಸುತ್ತಿದ್ದಳು. ಲ್ಯಾಬಿನ ಮಹಾಲಿಂಗ ಗೋಡೆಗೊರಗಿ ಟೀ ಕುಡಿಯುತ್ತಿದ್ದ. ಫೋನ್ ಮೇಜಿನ ಹಿಂದೆ ಅಫ್ರೀನ್ ದುಪಟ್ಟಾ ಸರಿಮಾಡಿಕೊಂಡು ಆಗ ತಾನೇ ಕೂತಿದ್ದಳು.

"ಯಾರು ಹೇಳಿದ್ದು ಅಂತ ಕೇಳ್ತಿದ್ದೀನಿ!"

ಡಾಕ್ಟರು ಒಳಗಿನಿಂದ ಬಂದರು. "ಏನಾಯ್ತು ಕನಕರಾಜು? ಮೆಲ್ಲಗೆ ಮಾತಾಡಿ."

"ರಾತ್ರಿ ಅಮ್ಮ ಕಿವಿ ಓಲೆ ಬಿಚ್ಚಿ ನನ್ನ ಮಗಳ ಕೈಗೆ ಕೊಟ್ಟಳು ಸರ್. ಮೈಸೂರಿಗೂ ಬ್ಯಾಡ, ಎಲ್ಲಿಗೂ ಬ್ಯಾಡ, ಎಲ್ಲಾ ಗೊತ್ತಾಯ್ತು ಅಂದಳು. ಯಾರು ಹೇಳಿದರು ಅಂದ್ರೆ — ಪೋನಲ್ಲಿ ಅಂದಳು. ಅಷ್ಟೇ. ಮತ್ತೆ ಬಾಯಿ ಬಿಡಲಿಲ್ಲ."

ಕನಕರಾಜು ಬೇಗೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು, ಮನೆ ಗುಂಡ್ಲುಪೇಟೆಯಲ್ಲಿ. ಅವನ ತಾಯಿ ಯಶೋದಮ್ಮನ ಹೊಟ್ಟೆಯ ಗಡ್ಡೆ ಕ್ಯಾನ್ಸರ್ ಎಂದು ರಿಪೋರ್ಟ್ ಬಂದಿತ್ತು. ಮೈಸೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಬೇಕಿತ್ತು. ಆಕೆಗೆ ಮಾತ್ರ ಹುಣ್ಣು ಎಂದು ಹೇಳಿಟ್ಟಿದ್ದರು. ನಮ್ಮ ಕಡೆ ಯಾವ ಮಕ್ಕಳೂ ಮಾಡುವುದು ಅದನ್ನೇ.

"ಆಸ್ಪತ್ರೆ ಫೋನ್ ಎತ್ತೋದು, ಮಾಡೋದು ಒಬ್ಬರೇ ತಾನೆ?" ಅವನು ಅಫ್ರೀನಳ ಮೇಜಿನ ಮುಂದೆ ಬಂದು ನಿಂತ. ಹೊಸ ಫೋನು ಅದು. ಸಾಲು ಸಾಲು ಗುಂಡಿ. ಒಂದೊಂದು ಲೈನಿಗೂ ಒಂದೊಂದು ಪುಟ್ಟ ಕೆಂಪು ದೀಪ. ಅಂಥದ್ದೇ ಇನ್ನೊಂದು ಒಳಗೆ ಡಾಕ್ಟರ ಮೇಜಿನ ಮೇಲಿತ್ತು. ಅವನು ಬಗ್ಗಿ ಸ್ಪೀಕರ್ ಒತ್ತಿದ. ಆಮೇಲೆ ರೀಡಯಲ್ ಒತ್ತಿದ.

ಹಿಂದಿನ ದಿನ ಈ ಫೋನಿನಿಂದ ಕೊನೆಯದಾಗಿ ಹೋದ ಕರೆ ಎಲ್ಲಿಗೋ, ಅಲ್ಲಿಗೆ ರಿಂಗ್ ಆಯಿತು. ಎತ್ತಿದರು.

"ಅಲೋ... ಯಾರಪ್ಪಾ?"

ಯಶೋದಮ್ಮನ ದನಿ.

ಕನಕರಾಜು ಮಾತಾಡಲಿಲ್ಲ. ಯಾರೂ ಮಾತಾಡಲಿಲ್ಲ. ಆ ಕಡೆ "ಅಲೋ, ಅಲೋ" ನಿಂತಿತು. ಆದರೂ ಕುಕ್ಕರ್ ಕೂಗಿದ್ದು, ಯಾರೋ ನಲ್ಲಿ ತಿರುಗಿಸಿದ್ದು ಕೇಳುತ್ತಲೇ ಇತ್ತು. ಕೊನೆಗೆ ಡಾಕ್ಟರೇ ಕೈ ಚಾಚಿ ಗುಂಡಿ ಒತ್ತಿದರು.

"ಅಫ್ರೀನ್?"

"ನಾನೇ ಮಾಡಿದ್ದೆ ಸರ್," ಅವಳು ಎದ್ದು ನಿಂತಳು. "ರಶ್ ಇಲ್ಲದ ದಿನ ಯಾವುದು, ಬಸ್ಸಿಗೆ ಬರ್ತೀನಿ ಅಂತ ಅಜ್ಜಿ ಮಧ್ಯಾಹ್ನ ಕೇಳಿದ್ರು. ಸಂಜೆ ಫೋನ್ ಮಾಡಿ ಗುರುವಾರ ಬನ್ನಿ ಅಂದೆ. ಅಷ್ಟೇ ಸರ್. ಖುದಾ ಕಸಂ..."

"ರಿಪೋರ್ಟ್ ಕವರ್ ನಿನ್ನ ಮೇಜಿನ ಮೇಲೇ ಇತ್ತಲ್ಲಮ್ಮ," ಎಂದರು ಡಾಕ್ಟರು. ಗದರಲಿಲ್ಲ. ಅದೇ ಹೆಚ್ಚು ನೋವಾಗುವಂತಿತ್ತು. "ಸದ್ಯಕ್ಕೆ ಮನೆಗೆ ಹೋಗು. ಆಮೇಲೆ ನೋಡೋಣ."

ಅಷ್ಟು ಜನರ ಮುಂದೆ ಅವಳು ಊಟದ ಡಬ್ಬಿ ಎತ್ತಿಕೊಂಡು ಹೋದಳು. ಡಬ್ಬಿ ಇನ್ನೂ ಬಿಸಿ ಇದ್ದಿರಬೇಕು.

* * *

ನಮ್ಮ ಅತ್ತೆ ಸುಧಾಮಣಿ ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಊರಿನವರಿಗೆ ಅದು ಮರೆತಿಲ್ಲ. ಸಂಜೆ ಅಫ್ರೀನಳನ್ನು ಕರೆದುಕೊಂಡು ಅವಳ ತಾಯಿ ಬೀಬಿಜಾನ್ ನಮ್ಮ ಮನೆಗೇ ಬಂದರು. ನಮ್ಮ ರವಿಕೆಗಳನ್ನೆಲ್ಲ ಹೊಲಿಯುವವರು ಅವರೇ.

"ಮೇಡಂ, ಕೆಲ್ಸ ಹೋದ್ರೆ ಹೋಗ್ಲಿ. ಬಾಯಿ ಭದ್ರ ಇಲ್ಲದ ಹುಡುಗಿ ಅಂತ ಹೆಸ್ರು ಬಂತಲ್ಲ, ಅದನ್ನ ಎಲ್ಲಿ ತೊಳೆಯೋದು? ಇನ್ನು ಯಾವ ಆಫೀಸ್ನೋರು ಇವ್ಳನ್ನ ಕೂರಿಸ್ಕೋತಾರೆ?"

ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಅಫ್ರೀನಳ ಕಡೆ ತಳ್ಳಿದರು. "ಬಾಮ್ಮ, ಬಿಡಿಸ್ತಾ ಹೇಳು. ನಿನ್ನೆ ಮಧ್ಯಾಹ್ನ ಅಜ್ಜಿ ಫೋನ್ ಮಾಡಿದ್ರಲ್ಲ, ಆಗ ಏನೇನಾಯ್ತು?"

"ಅಜ್ಜಿ ಮೊದಲ ಲೈನಲ್ಲಿದ್ರು ಆಂಟಿ. ಅಷ್ಟರಲ್ಲಿ ಎರಡನೇ ಲೈನಿಗೆ ಕನಕರಾಜು ಸರ್ ಬಂದ್ರು. ಅಜ್ಜಿನ ಹೋಲ್ಡಿಗೆ ಹಾಕಿ ಒಳಗೆ ಹೇಳಿದೆ. ಎರಡೂ ನಾನೇ ತಗೋತೀನಿ ಅಂದ್ರು ಡಾಕ್ಟರು."

"ನೀನೇನಾದ್ರೂ ಕೇಳಿಸ್ಕೊಂಡ್ಯಾ?"

"ಇಲ್ಲ. ನನ್ನ ಫೋನಿನ ದೀಪ ನೋಡ್ತಾ ಕೂತಿದ್ದೆ. ಅವು ಆರಿದ್ರೆ ಊಟಕ್ಕೆ ಏಳಬಹುದಲ್ಲ ಅಂತ. ತುಂಬಾ ಹೊತ್ತು ಉರೀತಾನೇ ಇದ್ವು."

"ಎರಡೂ?"

"ಎರಡೂ. ಕೊನೆಗೆ ಒಟ್ಟಿಗೇ ಆರಿದ್ವು. ನಾನು ಎದ್ದೆ."

ಅತ್ತೆಯ ಬೆರಳು ನಿಂತಿತು. "ಉರೀತಿದ್ವಾ? ಮಿನುಗ್ತಿದ್ವಾ?"

"ಹೋಲ್ಡಲ್ಲಿದ್ರೆ ಮಿನುಗುತ್ತೆ. ಅವು ಸುಮ್ನೆ ಉರೀತಿದ್ವು ಆಂಟಿ." ಅಫ್ರೀನ್ ತಲೆ ಎತ್ತಿದಳು. "ಯಾಕೆ?"

"ಏನಿಲ್ಲ. ಎಳೆಕಾಳು ಬೇರೆ ಹಾಕು."

ಮರುದಿನ ಕ್ಲಿನಿಕ್ಕಿಗೆ ಹೋದೆವು. ಮಹಾಲಿಂಗ ತೆರಕಣಾಂಬಿಯವನು, ಯಶೋದಮ್ಮನಿಗೆ ದೂರದ ನೆಂಟ. ಅತ್ತೆ ಅವನನ್ನೇ ಮೊದಲು ಹಿಡಿದರು.

"ನೆಂಟಸ್ತಿಕೆ ಅಂತ ನೀನೇ ಒಂದ್ಮಾತು ಹೇಳಿರಬಹುದಲ್ವಾ?"

"ಅಯ್ಯೋ ಮೇಡಮ್ಮೋರೆ! ಮೈಸೂರಿಂದ ಕವರು ಅಂಟಿಸ್ಕೊಂಡೇ ಬಂತು. ನಂಗೆ ಗೊತ್ತಾಗಿದ್ದೇ ಕನಕರಾಜು ಕೂಗಾಡ್ದಾಗ."

ಸಣ್ಣಮ್ಮ ಕೇಳುವ ಮೊದಲೇ ಶುರುಮಾಡಿದಳು. "ನನ್ ತಾವ ಮೊಬೈಲೇ ಇಲ್ಲ ಕಣವ್ವ. ಇದ್ದುದ್ದ ನನ್ ಸೊಸೆ ಕಿತ್ಕೊಂಡವ್ಳೆ."

ಒಳಗೆ ಡಾಕ್ಟರು ಕನ್ನಡಕ ಒರೆಸುತ್ತ ಕೂತಿದ್ದರು.

"ಅವತ್ತು ಇಬ್ಬರ ಹತ್ರಾನೂ ಮಾತಾಡಿದ್ರಾ ಡಾಕ್ಟ್ರೇ?"

"ಮಾತಾಡಿದೆ. ಯಶೋದಮ್ಮ ನೋವು ಹೇಳಿಕೊಂಡರು. ಸರಿ ತಾಯಿ, ಇಡಿ ಅಂದೆ. ಆಮೇಲೆ ಮಗನ ಹತ್ತಿರ ಮೈಸೂರಿನ ವಿಷಯ ಮಾತಾಡಿದೆ."

"ಒಬ್ಬರಾದ ಮೇಲೆ ಒಬ್ಬರು?"

"ಹೌದು." ಅವರು ನಮ್ಮ ಮುಖ ನೋಡಲಿಲ್ಲ. ಕನ್ನಡಕವನ್ನು ಮತ್ತೆ ಒರೆಸಿದರು.

* * *

ಕುಕ್ಕರಿಗೆ ಅಕ್ಕಿ ಹಾಕಿಟ್ಟು, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅವತ್ತೇ ಗುಂಡ್ಲುಪೇಟೆ ಬಸ್ಸು ಹಿಡಿದೆವು. ತೆರಕಣಾಂಬಿ ದಾಟುವವರೆಗೂ ಅತ್ತೆ ಕಿಟಕಿಯ ಹೊರಗೇ ನೋಡುತ್ತಿದ್ದರು. ಪತ್ತೆ ಹತ್ತಿರವಾದಾಗ ಅವರು ಹುರುಪಾಗುವುದನ್ನು ನೋಡಿದ್ದೇನೆ. ಅವತ್ತು ಹಾಗಿರಲಿಲ್ಲ.

ಯಶೋದಮ್ಮ ಹಜಾರದಲ್ಲಿ ಚಾಪೆ ಹಾಸಿ ಕೂರಿಸಿದರು. ಬರಿದಾದ ಕಿವಿಗಳ ಮೇಲೆ ಸೆರಗು ಎಳೆದುಕೊಂಡಿದ್ದರು. ಸೊಸೆ ಕಾಫಿ ಇಟ್ಟು ಒಳಗೆ ಹೋದಳು. ಅಷ್ಟರಲ್ಲಿ ಅವರ ಮೊಬೈಲು ಬಡಿದುಕೊಂಡಿತು. ಪುಣಜನೂರಿನ ತಂಗಿ.

"ಚೆನ್ನಾಗಿವ್ನಿ ಕಣಮ್ಮಿ. ಮಳೆ ಬಂತಾ? ಆನೆ ಬಂದಿತ್ತಾ ಅತ್ಲಾಗೆ? ಊಂ... ಮನೇಗೆ ಯಾರೋ ಬಂದವ್ರೆ. ಆಯ್ತು, ಇಡು."

ಮಾತು ಮುಗಿಯಿತು. ಆದರೆ ಫೋನು ಕಿವಿಯಲ್ಲೇ ಇತ್ತು. ಆ ಕಡೆ ಇನ್ನೂ ಯಾರನ್ನೋ ಕೂಗುವ ಸದ್ದು ನನಗೂ ಕೇಳಿಸುತ್ತಿತ್ತು. ಅದು ನಿಂತು ಟೂ ಟೂ ಎಂದ ಮೇಲೆ ಅವರು ಫೋನನ್ನು ಮಡಿಲಿಗೆ ಇಳಿಸಿದರು.

ಅತ್ತೆ ನೋಡುತ್ತಿದ್ದರು. "ನೀವಾಗೇ ಕಟ್ ಮಾಡಲ್ವಾ ಯಶೋದಮ್ಮ?"

"ಮಾತಾಡ್ದೋರ ಮೊಕುಕ್ಕೆ ಬಾಗ್ಲಾಕ್ದಂಗೆ ಆಯ್ತದೆ ಕಣವ್ವ. ಅವ್ರೇ ಇಡ್ಲಿ."

"ಡಾಕ್ಟರಾದ್ರೂ ಹಾಗೇನಾ?"

"ದೊಡ್ಡೋರು. ಅವ್ರಿಡೋಗಂಟ ನಾನ್ ಇಡಾದುಂಟಾ?"

ಅತ್ತೆ ಕಾಫಿ ಲೋಟ ಕೆಳಗಿಟ್ಟರು. "ನಿಮಗೆ ವಿಷಯ ಹೇಳಿದ್ದು ಅಫ್ರೀನ್ ಅಂತ ಅವಳನ್ನ ಕೆಲಸದಿಂದ ಕಳಿಸಿದ್ದಾರೆ, ಗೊತ್ತಾ?"

ಯಶೋದಮ್ಮ ಬೆಚ್ಚಿದರು. "ಆ ಮಗಾನಾ? ಅಯ್ಯೋ ಶಿವನೇ! ಆ ಮಗ ಏನೂ ಏಳಿಲ್ಲ ಕಣವ್ವ. ಬಸ್ಸಿಗೆ ಉಸಾರಾಗಿ ಬನ್ನಿ ಅಜ್ಜಿ ಅಂದ್ಲು, ಅಷ್ಟೇಯ. ವಾಪಸ್ ಕೆಲ್ಸುಕ್ಕೆ ಕರ್ಕೊಳ್ಳಾಕೆ ಏಳಿ!"

"ಹಾಗಾದ್ರೆ ಯಾರು ಹೇಳಿದ್ದು?"

ಅವರು ಗೋಡೆ ಕಡೆ ನೋಡಿದರು. ಕಣ್ಣು ತುಂಬಿತು. "ಅದೊಂದ ಕೇಳ್ಬ್ಯಾಡಿ. ನಾನ್ ಏಳುದ್ರೆ ಒಬ್ಬ ಇನ್ಯಾವತ್ತೂ ನನ್ ಮೊಕ ನೋಡಾಕಿಲ್ಲ."

ಅತ್ತೆ ಮತ್ತೆ ಕೇಳಲಿಲ್ಲ. ಹೊರಡುವಾಗ ಅವರ ಕೈ ಹಿಡಿದು ಸ್ವಲ್ಪ ಹೊತ್ತು ನಿಂತರು.

ಬಸ್ ಸ್ಟ್ಯಾಂಡಿನಲ್ಲಿ ನಾನೇ ಕೇಳಿದೆ. "ಗೊತ್ತಾಯ್ತಾ ಅತ್ತೆ?"

"ಗೊತ್ತಾಯ್ತು ರಂಜಿನಿ. ಕಳ್ಳನನ್ನ ಹಿಡಿದಾಗ ಹೀಗಾಗ್ತಿರಲಿಲ್ಲ. ಆ ಹುಡುಗಿ ಹೆಸರು ಹೋಗಿರದಿದ್ರೆ ನಾನು ಇದನ್ನ ಬಾಯಿ ಬಿಡ್ತಾನೇ ಇರಲಿಲ್ಲ."

* * *

ಅಫ್ರೀನ್ ಯಾರ ಮುಂದೆ ತಲೆ ತಗ್ಗಿಸಿದಳೋ ಅವರೆಲ್ಲ ಇರಬೇಕು ಎಂದು ಅತ್ತೆ ಹಟ ಹಿಡಿದರು. ಹಾಗಾಗಿ ಮಾರನೇ ಬೆಳಗ್ಗೆ ಕ್ಲಿನಿಕ್ಕಿಗೆ ಎಲ್ಲರೂ ಬಂದಿದ್ದರು — ಡಾಕ್ಟರು, ಕನಕರಾಜು, ಮಹಾಲಿಂಗ, ಪೊರಕೆ ಹಿಡಿದೇ ನಿಂತ ಸಣ್ಣಮ್ಮ. ಬೀಬಿಜಾನ್ ಮಗಳ ತೋಳು ಹಿಡಿದು ಬಾಗಿಲ ಹತ್ತಿರ ನಿಂತಿದ್ದರು.

"ಅಫ್ರೀನ್, ಹೋಲ್ಡಿಗೆ ಹಾಕಿದ ಲೈನಿನ ದೀಪ ಏನು ಮಾಡುತ್ತೆ?" ಅತ್ತೆ ಕೇಳಿದರು.

"ಮಿನುಗುತ್ತೆ ಆಂಟಿ."

"ಡಾಕ್ಟ್ರೇ, ಒಬ್ಬರಾದ ಮೇಲೆ ಒಬ್ಬರು ಅಂದ್ರಿ. ಅಜ್ಜಿ ಹತ್ರ ಮಾತಾಡುವಾಗ ಮಗನ ಲೈನು ಮಿನುಗಬೇಕಿತ್ತು. ಮಿನುಗಲಿಲ್ಲ. ಮಗನ ಹತ್ರ ಮಾತಾಡುವಾಗ ಅಜ್ಜಿಯ ಲೈನು ಆರಿರಬೇಕಿತ್ತು. ಆರಲಿಲ್ಲ. ಎರಡೂ ಮೊದಲಿಂದ ಕೊನೆವರೆಗೂ ಉರಿದು ಒಟ್ಟಿಗೇ ಆರಿದ್ವು. ಯಾಕೆ?"

ಡಾಕ್ಟರು ತಲೆ ತಗ್ಗಿಸಿದರು. "ಕಾನ್ಫರೆನ್ಸ್ ಗುಂಡಿ ಒತ್ತಿದ್ದೆ. ಎರಡೂ ಲೈನ್ ಸೇರಿ ಮೂವರೂ ಒಂದೇ ಕರೆಯಲ್ಲಿದ್ದೆವು."

"ಅಜ್ಜಿಗೆ ಅದು ಗೊತ್ತಿತ್ತಾ?"

"ಇಲ್ಲ." ಉತ್ತರ ಬಂದದ್ದು ಕನಕರಾಜುವಿನಿಂದ. ಸಿಟ್ಟೆಲ್ಲ ಎಲ್ಲಿ ಹೋಯಿತೋ. "ನಾನೇ ಮೊದಲೇ ಕೇಳಿಕೊಂಡಿದ್ದೆ ಮೇಡಂ, ಅಮ್ಮ ಫೋನ್ ಮಾಡೋ ಹೊತ್ತಿಗೇ ನಾನೂ ಮಾಡಿದೆ. ಅಮ್ಮ ನನ್ನ ಹತ್ರ ನೋವೇ ಇಲ್ಲ ಅಂತಾಳೆ. ಡಾಕ್ಟರ ಹತ್ರ ಆದ್ರೂ ನಿಜ ಹೇಳ್ತಾಳಲ್ಲ, ಅದನ್ನ ನಾನೂ ಕೇಳಬೇಕು ಅಂದೆ. ನನ್ನ ಮೊಬೈಲ್ ಮ್ಯೂಟ್ ಮಾಡಿಕೊಂಡು ಕೇಳ್ತಿದ್ದೆ. ಆದ್ರೆ ಅಮ್ಮ ಇಟ್ಟಳಲ್ಲ! ಡಾಕ್ಟರು ಇಡಿ ಅಂದ್ರು, ಆಯ್ತು ಸ್ವಾಮಿ ಅಂದಳು. ಆಮೇಲೆ ತಾನೇ ನಾನು ಮ್ಯೂಟ್ ತೆಗೆದದ್ದು?"

"ಇಟ್ಟಿದ್ರೆ ಆ ದೀಪ ಮೊದಲೇ ಆರುತ್ತಿತ್ತು." ಅತ್ತೆಯ ದನಿ ಇಳಿಯಿತು. "ಮೊನ್ನೆ ನೀವೇ ರೀಡಯಲ್ ಒತ್ತಿದಾಗ ಯಾರೂ ಮಾತಾಡದಿದ್ರೂ ಆ ಕಡೆಯಿಂದ ಕುಕ್ಕರ್ ಸದ್ದು ಬರ್ತಾನೇ ಇತ್ತಂತೆ. ನನ್ನ ಸೊಸೆ ಹೇಳಿದಳು. ನೀವೂ ಕೇಳಿದ್ರಿ. ನಿಮ್ಮಮ್ಮ ಯಾರಿಗಿಂತಲೂ ಮೊದಲು ಫೋನ್ ಇಡೋದಿಲ್ಲ ಕನಕರಾಜು. ಇಷ್ಟು ವರ್ಷ ನೀವೇ ಇಟ್ಟಿದ್ದೀರಿ. ಅದಕ್ಕೇ ನಿಮಗದು ಗೊತ್ತಾಗಲಿಲ್ಲ."

ಕನಕರಾಜು ಮೇಜಿನ ಮೇಲಿದ್ದ ಫೋನಿನ ಕಡೆ ತಿರುಗಿದ.

"ನಿಮ್ಮಮ್ಮನಿಗೆ ಹೇಳಿದ್ದು ಯಾರು ಅಂತ ತಾನೆ ಕೇಳಿದ್ದು? ನೀವೇ. ಆಪರೇಷನ್, ಕ್ಯಾನ್ಸರ್, ಎಷ್ಟು ದಿನ ಉಳೀತಾಳೆ ಸರ್ — ಎಲ್ಲ ನಿಮ್ಮ ಬಾಯಿಂದಲೇ ಕೇಳಿದ್ದು. ಆಮೇಲೆ ನೀವು ಅತ್ತಿರಬೇಕು."

"ಹೌದು, ಅತ್ತುಬಿಟ್ಟೆ," ಎಂದ ಅವನು. "ಸ್ಟಾಫ್ ರೂಮಿನ ಹಿಂದೆ ನಿಂತು."

"ಅದನ್ನೂ ಕೇಳಿದ್ದಾರೆ. ಕೇಳಿಸ್ಕೊಂಡೆ ಅಂತ ನಿಮಗೆ ತಿಳಿದ್ರೆ ನೀವಿನ್ನು ಮುಖ ಕೊಡೋದಿಲ್ಲ ಅಂತ ಅವರ ಭಯ. ನೀವು ಅವರಿಂದ ಮುಚ್ಚಿಟ್ರಿ. ಅವರು ನಿಮ್ಮಿಂದ ಮುಚ್ಚಿಟ್ರು. ಮಧ್ಯೆ ಈ ಹುಡುಗಿ ಸಿಕ್ಕಿಬಿದ್ದಳು."

ಸಣ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಡಾಕ್ಟರು ಮೇಜು ಬಳಸಿ ಬಂದು ಅಫ್ರೀನಳ ಮುಂದೆ ನಿಂತರು.

"ತಪ್ಪಾಯ್ತಮ್ಮ. ಅಜ್ಜಿ ಇಟ್ಟರಾ ಅಂತ ನಾನು ದೀಪ ನೋಡಲಿಲ್ಲ. ಆ ಗುಂಡಿ ಒತ್ತಿದ್ದನ್ನಾದ್ರೂ ಅವತ್ತೇ ಹೇಳಬೇಕಿತ್ತು. ಕದ್ದು ಕೇಳಿಸಿದೆ ಅಂತಾಗುತ್ತಲ್ಲ ಅಂತ ನಾಚಿಕೆಯಾಯ್ತು. ಬಾ, ನಿನ್ನ ಜಾಗದಲ್ಲಿ ಕೂತ್ಕೋ."

ಅಫ್ರೀನ್ ಆ ಕುರ್ಚಿಯನ್ನು ನೋಡಿದಳು. ಅವಳಿಗೆ ಅದರ ಮೇಲೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತು. ಕೆಲಸ ಸಿಕ್ಕ ದಿನ ನಮ್ಮ ಮನೆಗೂ ಸಿಹಿ ತಂದುಕೊಟ್ಟಿದ್ದಳು.

"ಬೇಡ ಸರ್."

"ಯಾಕಮ್ಮ?"

"ಅವತ್ತು ನೀವು ನನ್ನ ಒಂದು ಮಾತೂ ನಂಬಲಿಲ್ಲ. ಇನ್ಮೇಲೆ ಇಲ್ಲಿ ಏನಾದ್ರೂ ಒಡೆದ್ರೆ, ಕಳೆದ್ರೆ, ಎಲ್ಲರೂ ಮೊದಲು ನನ್ನನ್ನೇ ನೋಡ್ತಾರೆ. ನಾನೂ ಹೆದರ್ಕೊಂಡೇ ಫೋನ್ ಎತ್ತಬೇಕು."

ಬೀಬಿಜಾನ್ ಹಿಡಿದಿದ್ದ ಮಗಳ ತೋಳನ್ನು ಬಿಟ್ಟರು.

ಕನಕರಾಜು ಕೈ ಮುಗಿದ. "ಅಫ್ರೀನ್, ನನ್ನಿಂದ ದೊಡ್ಡ ತಪ್ಪಾಗಿದೆ ತಾಯಿ. ಏನು ಮಾಡಿದ್ರೆ..."

"ಅಜ್ಜಿಗೆ ಫೋನ್ ಮಾಡಿ ಸರ್."

ಅವಳೇ ಮೇಜಿನ ಹತ್ತಿರ ಹೋದಳು. ಕೂರಲಿಲ್ಲ, ನಿಂತೇ ಮೊದಲ ಲೈನ್ ಒತ್ತಿದಳು. ಯಶೋದಮ್ಮನ ನಂಬರನ್ನು ನೋಡದೆಯೇ ಒತ್ತಿ ರಿಸೀವರನ್ನು ಅವನ ಕೈಗಿಟ್ಟಳು. ದೀಪ ಹತ್ತಿತು.

"ಅಮ್ಮಾ..." ಎಂದ ಕನಕರಾಜು. "ನಾನು ಕಣಮ್ಮ. ಇಡಬೇಡ."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಹೊಳೆದಿರಬೇಕು. ಕುರ್ಚಿಯ ಬೆನ್ನು ಹಿಡಿದು ಗೋಡೆಯ ಕಡೆ ತಿರುಗಿ ನಿಂತ.

ನಾವೆಲ್ಲ ಹೊರಗೆ ಬಂದೆವು. ಅಫ್ರೀನ್ ತಾಯಿಯ ಜೊತೆ ಮೆಟ್ಟಿಲಿಳಿದು ರಸ್ತೆ ದಾಟಿದಳು. ತಿರುಗಿ ನೋಡಲಿಲ್ಲ. ಅತ್ತೆ ಅವಳು ಮರೆಯಾಗುವವರೆಗೂ ನಿಂತಿದ್ದರು.

ಕಿಟಕಿಯಿಂದ ಮೇಜು ಕಾಣುತ್ತಿತ್ತು. ಮೊದಲ ಲೈನಿನ ದೀಪ ಉರಿಯುತ್ತಲೇ ಇತ್ತು. ಹೊಸ ಕರೆ ಬಂದು ಅದರ ಪಕ್ಕದ ದೀಪ ರಿಂಗಿನ ಜೊತೆ ಮಿನುಗತೊಡಗಿತು. ಯಾರೋ ಕಾಯಿಲೆಯವರು ಎಲ್ಲಿಂದಲೋ ಕರೆಯುತ್ತಿದ್ದರು. ಬಹಳ ಹೊತ್ತು ಮಿನುಗಿ, ಯಾರೂ ಎತ್ತದೆ, ಅದು ಆರಿತು.