ಮೂರನೇ ಕೋಣೆಯ ಕೈಪಟ್ಟಿ

ಹೆಣ ಸಿಕ್ಕಿದ್ದು ಬೆಳಗ್ಗೆ ಹತ್ತೂ ನಲವತ್ತಕ್ಕೆ, ಗೋದಾಮಿನ ಮೂರನೇ ಕೋಲ್ಡ್ ರೂಮಿನಲ್ಲಿ. ನಲವತ್ತರ ಆಸುಪಾಸಿನ ಹೆಂಗಸು. ಬಾಗಿಲಿಗೆ ಭುಜ ಆನಿಸಿ ಕುಳಿತಂತೆಯೇ ಹೆಪ್ಪುಗಟ್ಟಿದ್ದಳು. ಎರಡೂ ಕೈಗಳ ಗೆಣ್ಣು ಒಡೆದು ರಕ್ತ ಕರಿಗಟ್ಟಿತ್ತು.

ಇನ್ಸ್‌ಪೆಕ್ಟರ್ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಬಲ ಮಣಿಕಟ್ಟಿನ ಸುತ್ತ ಬೆರಳಗಲ ಚರ್ಮ ಕಿತ್ತುಬಂದಿತ್ತು. ಅಲ್ಲಿ ಮಾತ್ರ ಒಂದು ಹನಿ ರಕ್ತವಿಲ್ಲ.

ಫೋನಿನಲ್ಲಿ ಬೆರಳಾಡಿಸಿದರೆ ಅರ್ಧ ಗಂಟೆಯಲ್ಲಿ ಮನೆಗೆ ಸಾಮಾನು ಮುಟ್ಟಿಸುವ ಕಂಪನಿಯದು ಆ ಗೋದಾಮು. ಕೆಲಸಗಾರರ ಕೈಗೆಲ್ಲ ನಂಬರಿನ ಪಟ್ಟಿ. ಯಾರು ಎಲ್ಲಿದ್ದಾರೆ, ಎಷ್ಟು ಸಾಮಾನು ತೆಗೆದರು, ಎಷ್ಟು ಹೊತ್ತು ಸುಮ್ಮನೆ ನಿಂತರು ಎಂಬುದನ್ನೆಲ್ಲ ಅದು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವ ಕೋಲ್ಡ್ ರೂಮಿಗೆ ದಪ್ಪ ಕೋಟು ಕೊಟ್ಟಿದ್ದರು. ಹಾಕಿಕೊಳ್ಳಲು ಒಂದೂವರೆ ನಿಮಿಷ ಹಿಡಿಯುತ್ತದೆಂದು ಯಾರೂ ಮುಟ್ಟುತ್ತಿರಲಿಲ್ಲ.

ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ವಿವರಿಸಿದ. ಬಾಗಿಲಿನ ಒಳಹಿಡಿ ಮುರಿದು ತಿಂಗಳಾಗಿದೆ. ಸಿಕ್ಕಿಕೊಂಡವರು ಬೆಲ್ ಒತ್ತಬೇಕು. ಬೆಲ್ ಆಗಲಿಲ್ಲ. ಆಕೆ ಪಟ್ಟಿ ಬೇರೆ ಬಿಚ್ಚಿಟ್ಟು ಹೋಗಿದ್ದಳು.

"ಕಂಪ್ಯೂಟರ್ ಲೆಕ್ಕದಲ್ಲಿ ಒಳಗೆ ಯಾರೂ ಇರ್ಲಿಲ್ಲ ಮೇಡಂ. ನಾವೇನು ಮಾಡೋಕಾಗುತ್ತೆ?"

* * *

ಆಕೆಯ ಪಟ್ಟಿ ಸಿಕ್ಕಿದ್ದು ಮೈದುನನ ಕೈಯಲ್ಲಿ. ಅವನೂ ಅಲ್ಲಿಯೇ ಸಾಮಾನು ತೆಗೆಯುವವನು, ಆ ಬೆಳಗ್ಗೆ ಮಾತ್ರ ಸಾಮಾನು ಸಾಗುವ ಬೆಲ್ಟಿನ ಕೊನೆಯಲ್ಲಿ ಕೂತು ಡಬ್ಬ ಅಂಟಿಸುತ್ತಿದ್ದ. ಹಿಂದಿನ ದಿನ ಅತ್ತಿಗೆ ಮೈದುನ ಗೇಟಿನ ಬಳಿ ಜೋರಾಗಿ ಮಾತಾಡಿದ್ದನ್ನು ನಾಲ್ಕು ಜನ ಕೇಳಿದ್ದರು. ಮಾಡಿದವನ ಪಾಪ ಕೈಯಲ್ಲೇ ಇದೆ ಎಂದು ಹೆಡ್ ಕಾನ್‌ಸ್ಟೇಬಲ್ ಬೇಡಿ ತೆಗೆದ.

ಇನ್ಸ್‌ಪೆಕ್ಟರ್ ಅವನನ್ನು ತಡೆದು, ಮೈದುನನಿಗೆ ನೀರು ಕೊಡಿಸಿದಳು.

ಅವನ ಮಂಡಿ ಹಾಳಾಗಿ ಆರು ತಿಂಗಳಾಗಿತ್ತು. ಪಟ್ಟಿ ತೋರಿಸುವ ಕೆಲಸದ ಎಣಿಕೆ ಇಳಿಯುತ್ತ ಬಂದಿತ್ತು. ಇನ್ನೊಂದು ವಾರ ಇಳಿದರೆ ಕೆಲಸ ಹೋಗುತ್ತಿತ್ತು. ಗೋದಾಮಿನಲ್ಲೆಲ್ಲ ಚುರುಕಾದವಳು ಅತ್ತಿಗೆ. ಬೆಳಗಿನ ಹೊತ್ತು ಆಕೆಗೆ ಡಬ್ಬ ಅಂಟಿಸುವ ಪಾಳಿ; ಅದರಲ್ಲಿ ಒಂದು ಗಂಟೆ ಅವನ ಪಟ್ಟಿ ಆಕೆ ಕಟ್ಟಿಕೊಂಡು ಸಾಮಾನು ತೆಗೆಯುತ್ತ ಓಡಾಡುತ್ತಿದ್ದಳು. ಆಕೆಯ ಪಟ್ಟಿ ಕಟ್ಟಿಕೊಂಡು ಅವನು ಕೂತಲ್ಲೇ ಡಬ್ಬ ಅಂಟಿಸುತ್ತಿದ್ದ. ಇನ್ನು ಇದು ಬೇಡ ಎಂದು ಅವನು ಅಂದಿದ್ದಕ್ಕೇ ಹಿಂದಿನ ದಿನದ ಜಗಳ.

"ಗಂಟೆ ಕಳೆದ್ರೂ ಬರ್ಲಿಲ್ಲ. ಎದ್ದು ಹೋಗಿ ನೋಡೋಣ ಅನ್ನಿಸ್ತು." ಅವನು ನೀರಿನ ಲೋಟ ಕೆಳಗಿಟ್ಟ. "ಎದ್ರೆ ಎಣಿಕೆ ನಿಲ್ಲುತ್ತಲ್ಲ ಮೇಡಂ. ಅದು ಅತ್ತಿಗೆ ಎಣಿಕೆ. ಅದಕ್ಕೇ ಏಳಲಿಲ್ಲ."

* * *

ಇನ್ಸ್‌ಪೆಕ್ಟರ್ ಸಾಮಾನು ತೆಗೆಯುವ ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿದಳು. ಬೆಳಗ್ಗೆ ಏಳು ಗಂಟೆಯಿಂದ ಯಾರಿಗೂ ಮೂರನೇ ಕೋಣೆಯ ಕೆಲಸ ಬಂದಿರಲಿಲ್ಲ. ಒಳಗೆ ಒಬ್ಬರಿದ್ದರೆ ಕಂಪ್ಯೂಟರ್ ಇನ್ನೊಬ್ಬರನ್ನು ಕಳಿಸುವುದಿಲ್ಲವಂತೆ, ಒಬ್ಬರಿಗೊಬ್ಬರು ಅಡ್ಡ ಬಂದು ಹೊತ್ತು ಹಾಳಾಗುತ್ತದೆಂದು.

ಗೇಟಿನ ಕಾವಲುಗಾರ ಇನ್ನೊಂದು ಮಾತು ಹೇಳಿದ. ಮೂರನೇ ಕೋಣೆಯ ಸಾಮಾನು ಬರುತ್ತಿಲ್ಲವೆಂದು ಹೋಗಿ ಬಾಗಿಲು ತೆಗೆದವರು ಮ್ಯಾನೇಜರ್ ಮತ್ತು ಅವನು. ಆಂಬುಲೆನ್ಸಿಗೆ ಫೋನ್ ಮಾಡಲು ಮ್ಯಾನೇಜರ್ ಅವನನ್ನು ಗೇಟಿಗೆ ಓಡಿಸಿದ್ದ.

"ಅವರ ಜೇಬಲ್ಲೇ ಫೋನ್ ಇತ್ತು ಮೇಡಂ," ಎಂದ ಕಾವಲುಗಾರ.

ಸಂಜೆಯೊಳಗೆ ಕೆಟ್ಟ ಪಟ್ಟಿಗಳ ಡಬ್ಬಿಯಲ್ಲಿ ಮೈದುನನ ನಂಬರಿನ ಪಟ್ಟಿ ಸಿಕ್ಕಿತು. ಬಿಸಿನೀರಲ್ಲಿ ತೊಳೆದು, ಒರೆಸಿ ಇಟ್ಟಿದ್ದರು.

* * *

ಗಾಜಿನ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಪಟ್ಟಿಯನ್ನು ಮ್ಯಾನೇಜರನ ಮೇಜಿನ ಮೇಲಿಟ್ಟಳು.

"ಗೆಣ್ಣಿನಲ್ಲಿ ರಕ್ತ ಬಂದಿದೆ, ಬಡಿಯುವಾಗ ಜೀವ ಇತ್ತು. ಮಣಿಕಟ್ಟಿನಲ್ಲಿ ಬಂದಿಲ್ಲ. ಅಂದ್ರೆ ಚರ್ಮಕ್ಕೆ ಹೆಪ್ಪುಗಟ್ಟಿದ್ದ ಪಟ್ಟೀನ ಸತ್ತ ಮೇಲೆ ಕಿತ್ತಿದ್ದಾರೆ. ಹೆಣದ ಹತ್ರ ಒಂಟಿಯಾಗಿದ್ದವರು ನೀವೊಬ್ಬರೇ. ಒಳಗೆ ಯಾರೂ ಇಲ್ಲ ಅಂದ್ರಿ. ಇಲ್ಲದಿದ್ರೆ ಕಂಪ್ಯೂಟರ್ ಬೇರೆಯವರನ್ನ ಯಾಕೆ ಕಳಿಸಲಿಲ್ಲ? ಬೆಲ್ ಎಷ್ಟು ಸಲ ಆಯ್ತು?"

ಮ್ಯಾನೇಜರ್ ಪಟ್ಟಿಯನ್ನು ಮೇಜಿನ ಅಂಚಿಗೆ ಸರಿಸಿದ.

"ಒಂಬತ್ತು ಸಲ," ಎಂದ ಕೊನೆಗೆ.

ಬೆಲ್ ನಿಜವೆಂದು ಒಪ್ಪಿಕೊಂಡರೆ ಇಡೀ ಬೆಲ್ಟ್ ಹನ್ನೊಂದು ನಿಮಿಷ ನಿಲ್ಲುತ್ತದೆ. ನಿಂತದ್ದು ಮುಖ್ಯ ಕಚೇರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ವಾರಕ್ಕೆ ಮೂರು ಸಲ ನಿಂತರೆ ಮ್ಯಾನೇಜರ್ ಬದಲು. ಆ ವಾರ ಆಗಲೇ ಎರಡು ಸಲ ನಿಂತಿತ್ತು. ಪರದೆ ಮೇಲೆ ಮೈದುನನ ನಂಬರು ಕಂಡಿತು. ಕುಂಟ, ಸೋಮಾರಿ, ಒಳಗೆ ಕೂತು ಆಟ ಆಡುತ್ತಿದ್ದಾನೆ ಎಂದುಕೊಂಡ. ಒಂಬತ್ತು ಸಲವೂ 'ಸುಳ್ಳು ಕರೆ' ಎಂದು ಒತ್ತಿದ. ತಲೆ ಎತ್ತಿದ್ದರೆ ಗಾಜಿನಾಚೆ ಡಬ್ಬ ಅಂಟಿಸುತ್ತಿದ್ದ ಮೈದುನ ಕಣ್ಣಿಗೇ ಬೀಳುತ್ತಿದ್ದ.

* * *

ಮ್ಯಾನೇಜರ್ ಜೈಲಿಗೆ ಹೋದ. ಕಂಪನಿ ಅವನನ್ನು ತೆಗೆದುಹಾಕಿತು. ಇನ್ನು ಬೆಲ್ ನಿಜವೋ ಸುಳ್ಳೋ ಎಂಬುದನ್ನು ಕಂಪ್ಯೂಟರೇ ತೀರ್ಮಾನಿಸುತ್ತದೆ ಎಂದು ಪ್ರಕಟಣೆ ಹೊರಡಿಸಿತು. ಬೆಲ್‌ಗಳ ದಾಖಲೆ ಇಡುವ ಪದ್ಧತಿಯೇ ತನ್ನಲ್ಲಿಲ್ಲ ಎಂದು ಕೋರ್ಟಿಗೆ ಬರೆದುಕೊಟ್ಟಿತು. ಪೊಲೀಸರೆದುರು ಒಪ್ಪಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಸತ್ತವಳ ಕೈಯಲ್ಲಿ ಯಾವ ಪಟ್ಟಿ ಇತ್ತೆಂದು ಹೇಳಲು ಉಳಿದದ್ದು ಮೈದುನನ ಹೇಳಿಕೆಯೊಂದೇ.

ಹದಿನೈದನೇ ದಿನ ಅವನೇ ಸ್ಟೇಷನ್ನಿಗೆ ಬಂದ. ಇಬ್ಬರು ಹೆಣ್ಣುಮಕ್ಕಳು ಹೊರಗೆ ಬೆಂಚಿನ ಮೇಲೆ ಕೂತಿದ್ದರು, ತೀರಿಕೊಂಡವಳ ಮಕ್ಕಳು. ತಂದೆ ಹೋಗಿ ಬಹಳ ವರ್ಷವಾಗಿತ್ತು, ಇನ್ನು ಚಿಕ್ಕಪ್ಪನೇ ಸಾಕಬೇಕಿತ್ತು.

"ಪಟ್ಟಿ ಬದಲಾಯಿಸ್ಕೊಂಡಿರ್ಲಿಲ್ಲ ಅಂತ ಬರ್ಕೊಳ್ಳಿ ಮೇಡಂ."

ಇನ್ಸ್‌ಪೆಕ್ಟರ್ ಅವನ ಮುಖ ನೋಡಿದಳು. ಅವನು ನೆಲ ನೋಡುತ್ತ ಹೇಳಿದ: ಬದಲಾಯಿಸಿದ್ದು ಕಂಪನಿಯ ಪ್ರಕಾರ ಮೋಸವಂತೆ. ಮೋಸ ಮಾಡಿದವರ ಹೆಸರು ಒಂದು ಪಟ್ಟಿಗೆ ಹೋಗುತ್ತದೆ. ಆ ಪಟ್ಟಿಯನ್ನು ಎಲ್ಲ ಕಂಪನಿಗಳೂ ನೋಡುತ್ತವೆ. ಈ ಮಂಡಿ ಇಟ್ಟುಕೊಂಡು ಬೇರೆಲ್ಲಿ ಕೆಲಸ?

"ಹಂಗೆ ಬರೆದ್ರೆ ಆ ಮ್ಯಾನೇಜರ್ ಬಿಡುಗಡೆ ಆಗ್ತಾನೆ. ಗೊತ್ತಲ್ಲ?"

"ಗೊತ್ತು. ಮಕ್ಕಳಿಗೂ ಹೇಳಿದೀನಿ."

ಅವಳು ಕಾಗದ ತೆಗೆದು ಬರೆದಳು, ಓದಿ ಹೇಳಿದಳು. ಅವನು ಸಹಿ ಹಾಕಿದ.