ರಬ್ಬರಿಗೆ ಸೇರದ ದ್ರವ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ತಮ್ಮ ಕುಡಿದು ಬಿದ್ದ ಅಂತಿದ್ದಾರೆ ಸಾರ್. ಅವನು ಕುಡಿಯೋನಲ್ಲ. ಕಾಲು ಮುರಿದು ಬಿದ್ದ."

"ಬಿದ್ದು ಕಾಲು ಮುರೀತೋ, ಕಾಲು ಮುರಿದು ಬಿದ್ದರೋ?" ಇನ್‌ಸ್ಪೆಕ್ಟರ್ ಕೇಳಿದರು.

"ಅದು ಹುಟ್ಟಿದ ಕಾಲಲ್ಲ. ಹಾಕಿಸಿಕೊಂಡ ಕಾಲು. ನಾಲ್ಕು ತಿಂಗಳೂ ತುಂಬಿಲ್ಲ."

ತಮ್ಮ ಗೋಡೆಗೆ ಬಣ್ಣ ಹಚ್ಚುವವನು. ಕಟ್ಟುತ್ತಿದ್ದ ಮನೆಯ ಮೂರನೇ ಮಹಡಿಯಿಂದ, ಕಟಕಟೆಯಿಲ್ಲದ ಮೆಟ್ಟಿಲು ಇಳಿಯುವಾಗ ಕೆಳಗೆ ಬಿದ್ದು ಸ್ಥಳದಲ್ಲೇ ಸತ್ತಿದ್ದ. ಅಸಹಜ ಸಾವು ಎಂದು ಪ್ರಕರಣ ದಾಖಲಾಯಿತು.

ಪಂಚನಾಮೆಗೆ ಹೋದಾಗ ಚೆಲ್ಲಿದ ಬಣ್ಣದ ನಡುವೆ ರಬ್ಬರಿನ ಪಾದ ಬಿದ್ದಿತ್ತು. ಹಿಮ್ಮಡಿಯ ಮೇಲೆ ಅಡ್ಡಲಾಗಿ ಹರಿದಿತ್ತು. ಇನ್‌ಸ್ಪೆಕ್ಟರ್ ಅದನ್ನು ಎತ್ತಿ ನೋಡಿದರು. ಎಷ್ಟೋ ಹೆಣ ಕಂಡ ಅವರು ಇಂಥದ್ದನ್ನು ಕಂಡಿರಲಿಲ್ಲ. ಒಬ್ಬ ಮನುಷ್ಯ ನಂಬಿ ತನ್ನ ಭಾರವನ್ನೆಲ್ಲ ಹೊರಿಸಿದ ವಸ್ತು ಒಣ ಬಿಸ್ಕತ್ತಿನಂತೆ ಬೆರಳಿಗೆ ಪುಡಿಪುಡಿ ಉದುರಿತು.

ಪ್ರಯೋಗಾಲಯದ ತಜ್ಞೆ ಸೂಕ್ಷ್ಮದರ್ಶಕ ಅವರತ್ತ ತಿರುಗಿಸಿದರು. "ಬಿಳಿ ಗಂಟುಗಳು ಕಾಣ್ತಿವೆಯಾ? ಅದು ಸಿಲಿಕಾ, ನುಣ್ಣನೆ ಮರಳಿನಂಥ ಪುಡಿ. ರಬ್ಬರಿಗೆ ಗಟ್ಟಿ ಬರಲಿ ಅಂತ ಹಾಕ್ತಾರೆ. ಆದರೆ ಅದಕ್ಕೂ ರಬ್ಬರಿಗೂ ಎಣ್ಣೆ ಸೀಗೆಕಾಯಿ. ತನ್ನ ಪಾಡಿಗೆ ಗುಂಪು ಕಟ್ಟಿಕೊಳ್ಳುತ್ತೆ. ಅದನ್ನ ಬಿಡಿಸಿ ಹರಡೋಕೆ ಅಯಾನಿಕ್ ದ್ರವ ಅಂತ ಸ್ವಲ್ಪ ಬೆರೆಸ್ತಾರೆ. ದ್ರವರೂಪದ ಉಪ್ಪು ಅಂದ್ಕೊಳ್ಳಿ."

"ಇದರಲ್ಲಿ?"

"ಹನಿಯೂ ಇಲ್ಲ. ಬರೀ ಎಣ್ಣೆ ಇದೆ. ಒಂದೊಂದು ಗಂಟಿನ ಪಕ್ಕದಲ್ಲೂ ಬಿರುಕು ಹುಟ್ಟಿದೆ."

"ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಲ್ವಾ?"

"ಒತ್ತಿ ಗಡಸುತನ ನೋಡ್ತಾರೆ. ಗಂಟು ಕಟ್ಟಿದ್ದೂ ಗಡಸಾಗೇ ಇರುತ್ತೆ. ದಿನಾ ಬಾಗಿಸಿದಾಗ ಮಾತ್ರ ಬಣ್ಣ ಬಯಲಾಗೋದು."

ಇನ್‌ಸ್ಪೆಕ್ಟರ್ ಮೊಬೈಲ್ ತೆಗೆದರು. ಇಂಥ ಪಾದ ಹಾಕಿಕೊಂಡು ಈ ಹೊತ್ತಿನಲ್ಲಿ ಇನ್ನೆಷ್ಟು ಜನ ಮೆಟ್ಟಿಲು ಇಳಿಯುತ್ತಿದ್ದಾರೋ! ನಿರ್ಲಕ್ಷ್ಯದಿಂದ ಸಾವು ಎಂದು ಅಂದೇ ಎಫ್‌ಐಆರ್ ಆಯಿತು. ಪಾದ ಕೊಂಡವರಿಗೆಲ್ಲ ಫೋನು ಮಾಡಲು ಅರ್ಧ ಠಾಣೆಯೇ ಕೂತಿತು.

ಪೊಲೀಸರು ಪಾದ ತಯಾರಿಸಿದ ಕಾರ್ಖಾನೆಗೆ ಹೋದರು. ಅಲ್ಲಿ ಮಿಶ್ರಣದ ಕೋಣೆಯಲ್ಲಿ ದ್ರವ ಸುರಿಯುತ್ತಿದ್ದವಳು ಮೇಸ್ತ್ರಿ ಹೆಂಗಸು. ಯಂತ್ರದ ಆಚೆ ಬದಿ ಕೆಲಸ ಮಾಡುತ್ತಿದ್ದವಳು ಅವಳದೇ ಮಗಳು, ಬಸುರಿ.

ಠಾಣೆಯಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವ ಕಾನ್‌ಸ್ಟೇಬಲ್ ಹಿತ್ತಲಿನ ಶೆಡ್ಡಿನಿಂದ ಕೂಗಿದ. "ಸಾರ್, ಇಲ್ಲಿ ಬನ್ನಿ!"

ಹರಿದ ಟಾರ್ಪಾಲಿನ ಕೆಳಗೆ ಡಬ್ಬಿಗಳ ಸಾಲು. ಎಲ್ಲದರ ತುಂಬ ಅದೇ ದ್ರವ. ಮುಚ್ಚಳಕ್ಕೆ ಮೇಣ ಬಳಿದು, ಬಟ್ಟೆ ಕಟ್ಟಿ, ಒಂದೊಂದರ ಮೇಲೂ ದಪ್ಪಕ್ಷರದಲ್ಲಿ 'ಮುಟ್ಟಬೇಡಿ' ಎಂದು ಬರೆದಿತ್ತು.

"ಕದ್ದು ಮಾರೋರು ಹೀಗೆ ಮೇಣ ಹಚ್ಚಿ ಜೋಪಾನ ಮಾಡ್ತಾರಾ ಸಾರ್?" ಮೀಸೆ ಬೆಪ್ಪಾಗಿ ನಿಂತ.

ಮೇಸ್ತ್ರಿಯನ್ನು ಠಾಣೆಗೆ ಕರೆತಂದರು.

"ಡಬ್ಬಿ ಬಚ್ಚಿಟ್ಟಿದ್ದು ಯಾರು?"

"ನಾನೇ."

"ಬದಲಿಗೆ ಎಣ್ಣೆ?"

"ನಾನೇ ಸುರಿದೆ. ಮಗಳಿಗೆ ಗೊತ್ತಿಲ್ಲ."

"ಚರಂಡಿಗೆ ಚೆಲ್ಲಲಿಲ್ಲ ಯಾಕೆ?"

"ಬೇರೆಯವರ ಮಕ್ಕಳು ಓಡಾಡೋ ಜಾಗ ಸಾರ್."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

"ಹೋದ ಸಲ ಇದೇ ಕೋಣೆಯಲ್ಲಿ ಬೇರೆ ದ್ರಾವಣ ಇತ್ತು, ಮೂಗಿಗೆ ಹೊಡೀತಿತ್ತು. ಐದನೇ ತಿಂಗಳಲ್ಲಿ ಮಗಳಿಗೆ ಗರ್ಭ ಹೋಯ್ತು. ಈ ಸಲ ಅವಳನ್ನ ಬೇರೆ ಕಡೆ ಹಾಕಿ ಅಂತ ಮ್ಯಾನೇಜರ್ ಕಾಲು ಹಿಡಿದೆ. ಕಿವಿಗೇ ಹಾಕ್ಕೊಳ್ಳಲಿಲ್ಲ. ಇದರ ಗಾಳಿಯೂ ಮಗುವಿಗೆ ತಾಗುತ್ತೆ ಅಂತ ಹೆದರಿ ಬಚ್ಚಿಟ್ಟೆ. ಇದು ಹೊಳಪಿಗೆ ಹಾಕೋದು ಅಂದ್ಕೊಂಡಿದ್ದೆ. ಇಲ್ಲದಿದ್ರೆ ಮನುಷ್ಯ ಸಾಯ್ತಾನೆ ಅಂತ ನಂಗೇನು ಗೊತ್ತು?"

ಅವಳ ಜೊತೆಗೇ ಕರೆಸಿದ್ದ ಮ್ಯಾನೇಜರ್ ಮೂಲೆಯಲ್ಲಿ ಕೂತಿದ್ದ. "ಆ ದ್ರವದ ವಿಶೇಷವೇ ಅದು ಸಾರ್," ಎಂದ. "ಆವಿಯಾಗೋದೇ ಇಲ್ಲ ಅನ್ನಬಹುದು. ಕೈಗವಸು ಹಾಕ್ಕೊಂಡರೆ ಸಾಕು. ಗಾಳಿಗೆ ಬರಲ್ಲ ಅಂತಲೇ ಹಳೇದನ್ನ ಬಿಟ್ಟು ಇದನ್ನ ತಂದ್ವಿ."

ಮೇಸ್ತ್ರಿ ಅವನತ್ತ ತಿರುಗಿದಳು. "ಗಾಳಿಗೆ ಬರಲ್ವಾ?"

"ಈ ಮಾತು ಅವರಿಗೆ ಹೇಳಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಅವರು ಕೇಳಿದ್ದು ಮಗಳಿಗೆ ಬೇರೆ ಜಾಗ ಸಾರ್. ಇದನ್ನ ಕೇಳಲಿಲ್ಲ."

ಸಂಜೆ ನಾಲ್ಕಕ್ಕೆ ಮೇಸ್ತ್ರಿಯ ಬಂಧನ ದಾಖಲಾಯಿತು. ಮ್ಯಾನೇಜರ್ ಹೆಸರನ್ನು ಯಾವ ಕಲಮಿನಡಿ ಸೇರಿಸಬಹುದೆಂದು ಇನ್‌ಸ್ಪೆಕ್ಟರ್ ಸರಕಾರಿ ವಕೀಲರಿಗೆ ಫೋನು ಮಾಡಿದರು. "ನೋಡೋಣ" ಎಂದಷ್ಟೇ ಉತ್ತರ ಬಂತು.

ಹೊರಗಿನ ಬೆಂಚಿನಲ್ಲಿ ಮೇಸ್ತ್ರಿಯ ಮಗಳು ಮುಖ ಮುಚ್ಚಿಕೊಂಡು ಕೂತಿದ್ದಳು. ಸತ್ತ ತಮ್ಮನ ಬಟ್ಟೆಬರೆ ಒಯ್ಯಲು ಬಂದ ಅಕ್ಕನಿಗೆ ವಿಷಯವೆಲ್ಲ ತಿಳಿದಿತ್ತು. ಬಾಗಿಲಲ್ಲಿ ನಿಂತು ಅವಳನ್ನೇ ನೋಡಿದಳು. ರಂಪವಾಗಬಹುದೆಂದು ಮೀಸೆ ಎದ್ದ. ಇನ್‌ಸ್ಪೆಕ್ಟರ್ ಕೈಸನ್ನೆಯಿಂದ ತಡೆದರು.

ಅಕ್ಕ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಎಷ್ಟು ತಿಂಗಳು?" ಅಕ್ಕ ಕೇಳಿದಳು.

"ಏಳು."