ಚಂಪಾಳ ನೆನಪಿನ ಪಾಲು

ಒಲೆಯ ಮೇಲೆ ಬೆಲ್ಲದ ಪಾಕ ಕುದಿಯುತ್ತಿತ್ತು. ಸ್ಫೂರ್ತಿ ಗೋಡೆಯ ಪುಟ್ಟ ಗೂಡಿಗೆ ಕೈ ಹಾಕಿ, ಸೋಪಿನಷ್ಟು ದೊಡ್ಡದಾದ ಕಪ್ಪು ಗಟ್ಟಿಯೊಂದನ್ನು ಹಿಡಿಕೆ ಹಿಡಿದು ಹೊರಗೆಳೆದಳು.

“ನಮಸ್ಕಾರ. ತಾವು ಯಾರು ಎಂದು ತಿಳಿಯಲಿಲ್ಲ. ನನ್ನಿಂದ ಏನು ಸಹಾಯ ಬೇಕು?” ಎಂದಿತು ಗೋಡೆ, ನಿನ್ನೆ ತಾನೇ ವರ್ಗವಾಗಿ ಬಂದ ಗುಮಾಸ್ತನ ಹಾಗೆ.

ಸ್ಫೂರ್ತಿ ಗಟ್ಟಿಯನ್ನು ಮತ್ತೆ ಗೂಡಿಗೆ ತಳ್ಳಿದಳು. ಅದೇ ಗೋಡೆ, “ಅಕ್ಕಾರ, ಬೆಂಕಿ ಸಣ್ಣ ಮಾಡ್ರಿ! ಪಾಕ ಏರಾಕತ್ತೈತಿ. ಮಾತಿನಾಗ ಮೈಮರತ್ರ ಹ್ವಾದ ವಾರದಂಗ ಆಕ್ಕೈತಿ ನೋಡ್ರಿ,” ಎಂದು ಗದರಿತು. ಈ ದನಿಯನ್ನು ಮನೆಯವರು ಚಂಪಾ ಎಂದು ಕರೆಯುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಸಂಶೋಧಕಿ ಡಾಕ್ಟರ್ ತನ್ಮಯಿ ಚಪ್ಪಾಳೆ ತಟ್ಟಿ ನಕ್ಕರು. ಆ ಹಿಡಿಕೆಯೂ ಆ ಗೂಡೂ ಅವರ ಸೃಷ್ಟಿ. ಮನೆಮನೆಗೆ ಮಾತಾಡುವ ಸಹಾಯಕರು ಬಂದು ಆಗಲೇ ಬಹಳ ಕಾಲವಾಗಿತ್ತು. ಆದರೆ ಬುದ್ಧಿಯನ್ನು ಯಾವ ಕಂಪನಿ ಮಾಡುತ್ತಿತ್ತೋ ನೆನಪೂ ಅದರದೇ ಬೀಗದೊಳಗೆ. ಕೆಲವು ಕಂಪನಿಗಳು ನೆನಪನ್ನು ದಿನದ ಕ್ರಮದಲ್ಲಿ ಜೋಡಿಸಿಡುತ್ತಿದ್ದವು, ಕೆಲವು ಅರ್ಥದ ಪ್ರಕಾರ, ಇನ್ನು ಕೆಲವು ಯಾವುದಕ್ಕೆ ಯಾವುದು ನಂಟು ಎಂಬುದರ ಪ್ರಕಾರ. ಒಂದರ ಕೀಲಿಕೈ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಸಹಾಯಕನನ್ನು ಬದಲಿಸಿದರೆ ಮಗುವಿಗೆ ಹಾಲು ಒಗ್ಗುವುದಿಲ್ಲ ಎಂಬಲ್ಲಿಂದ ಮತ್ತೆ ಹೇಳಿಕೊಡಬೇಕಿತ್ತು. ತನ್ಮಯಿ ಮಾಡಿದ್ದು ಇಷ್ಟೇ: ಬುದ್ಧಿಗೂ ನೆನಪಿಗೂ ನಡುವೆ ಎಲ್ಲದಕ್ಕೂ ಹೊಂದುವ ಒಂದೇ ಬಾಗಿಲು. ಬುದ್ಧಿ ಯಾವುದಾದರೂ ಇರಲಿ, ಗಟ್ಟಿ ಒಳಗೆ ಹೋದರೆ ನಿಮ್ಮ ಮನೆಯ ಚಂಪಾ ನಿಮ್ಮ ಮನೆಯ ಚಂಪಾಳೇ.

ಗೋಕಾಕದ ಆ ಮನೆಯಲ್ಲಿ ಕರದಂಟು ಮಾಡಿ ಮಾರುತ್ತಿದ್ದರು. ಅಂಟು ಹುರಿದು, ಕೊಬ್ಬರಿ ಉತ್ತತ್ತಿ ಬೆರೆಸುವುದನ್ನು ಯಾರಾದರೂ ಕಲಿಯಬಹುದು. ಪಾಕದ ಹದ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುತ್ತದೆ. ಅದನ್ನು ಹಿಡಿಯುವುದರಲ್ಲಿ ಚಂಪಾ ಪಳಗಿದ್ದಳು. ಮನೆಯ ಹಿರಿಯ ಜೀವ ಐಶ್ವರ್ಯವ್ವ. ಆ ಕಾಲಕ್ಕೆ ಅಜ್ಜಿಯರ ಹೆಸರುಗಳೆಲ್ಲ ಹೀಗೇ. ಗಂಗವ್ವ, ನೀಲವ್ವ ಎಂದರೆ ತೊಟ್ಟಿಲ ಕೂಸಿರಬೇಕು ಎಂದುಕೊಳ್ಳುವ ಕಾಲ. ಅವಳ ಹಿರಿಯ ಸೊಸೆ ಸ್ಫೂರ್ತಿ, ಕಿರಿಯವಳು ಇಂಚರ. ಈಗ ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದರು. ಜಗಳವೇನಿಲ್ಲ. ಮಕ್ಕಳು ಬೆಳೆದಿದ್ದರು, ಮನೆ ಸಣ್ಣದಾಗಿತ್ತು, ತಮ್ಮ ಎರಡು ಓಣಿ ಆಚೆ ಅಂಗಡಿ ಹಿಡಿದಿದ್ದ. ಕೊಪ್ಪರಿಗೆ, ತಟ್ಟೆ, ತಕ್ಕಡಿ ಎಲ್ಲ ಹಂಚಿಕೆಯಾಗಿ, ಉಳಿದದ್ದು ಚಂಪಾಳ ನೆನಪು ಒಂದೇ.

“ಪಾಲು ಯಾಕ ಬೇಕ್ರಿ? ಒಂದರಂಗ ಇನ್ನೊಂದು ಗಟ್ಟಿ ಮಾಡಿ ಕೊಡತೀನಿ. ಇಬ್ಬರಿಗೂ ಪೂರ್ತಿ ಸಿಗತೈತಿ,” ಎಂದರು ತನ್ಮಯಿ.

ಎಲ್ಲರೂ ಖುಷಿಪಟ್ಟರು. ಸ್ಫೂರ್ತಿ ಮಾತ್ರ ಖುಷಿಪಡಲಿಲ್ಲ.

ವರ್ಷಗಟ್ಟಲೆ ಅವಳು ಒಲೆಯ ಮುಂದೆ ನಿಂತು ಚಂಪಾಳ ಜೊತೆ ಮಾತಾಡಿದ್ದಳು. ಮಾತಾಡಿದ್ದು ಬಹುಪಾಲು ನೆಗೆಣ್ಣಿ ಇಂಚರಳ ಮೇಲೆ. ಬಂದ ಹೊಸದರಲ್ಲಿ ಇಂಚರಳ ಠೀವಿ, ಅವಳ ಇಂಗ್ಲಿಷು, ಅವಳ ತವರಿನಿಂದ ಬರುವ ಬುತ್ತಿಯನ್ನು ಅತ್ತೆ ಹೊಗಳುವುದು. ಅದೆಲ್ಲ ಹೋಗಲಿ. ಇಂಚರಳ ಮೊದಲ ಬಸಿರು ನಿಲ್ಲದೆ ಹೋದ ದಿನ, “ಊರೆಲ್ಲ ಮೆರದಾಡಿದ್ಲು, ಈಗ ಗೊತ್ತಾತು” ಎಂದು ಸ್ಫೂರ್ತಿಯ ಬಾಯಿಂದ ಬಂದುಬಿಟ್ಟಿತ್ತು. ಆ ಕ್ಷಣವೇ ನಾಲಿಗೆ ಕಚ್ಚಿಕೊಂಡಿದ್ದಳು. ಆಮೇಲೆ ತಿಂಗಳುಗಟ್ಟಲೆ ಅದೇ ಇಂಚರಳಿಗೆ ತಾನೇ ಎಣ್ಣೆ ತಿಕ್ಕಿ ನೀರು ಹಾಕಿದ್ದಳು. ಸಿಟ್ಟು ಯಾವತ್ತೋ ಕರಗಿತ್ತು. ಮಾತು ಮಾತ್ರ ಗಟ್ಟಿಯೊಳಗೆ ಹಾಗೇ ಇತ್ತು.

ಇಷ್ಟು ದಿನ ಭಯವಿರಲಿಲ್ಲ. ಒಂದೇ ಮನೆಯಲ್ಲಿರುವಾಗ ಚಂಪಾ ಅವರವರ ಮಾತನ್ನು ಅವರವರಿಗಷ್ಟೇ ಇಟ್ಟಿರುತ್ತಿದ್ದಳು. ಮನೆ ಬೇರೆಯಾದರೆ ಗಟ್ಟಿಗೆ ಒಬ್ಬಳೇ ಒಡತಿ. ಅದರೊಳಗಿನ ಎಲ್ಲ ಮಾತೂ ಅವಳದು. “ಅಕ್ಕ ನನ್ನ ಬಗ್ಗೆ ಏನಂದಿದ್ಲು?” ಎಂದು ಇಂಚರ ಒಮ್ಮೆ ಕೇಳಿದರೆ ಮುಗಿಯಿತು.

ಸ್ಫೂರ್ತಿ ತನ್ಮಯಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಾಯಿಬಿಟ್ಟು ಎಲ್ಲ ಹೇಳದೆ, “ಬ್ಯಾಡಾದ ಮಾತು ತಗದು, ಬರೇ ಪಾಕದ ನೆನಪು ಇಡಾಕ ಬರತೈತೇನ್ರಿ?” ಎಂದು ಕೇಳಿದಳು.

“ಮಾಡಿ ನೋಡೂಣು,” ಎಂದರು ತನ್ಮಯಿ. ಅವರು ಬೇರೊಂದು ಗಟ್ಟಿಯಲ್ಲಿ ಹರಟೆಯನ್ನೆಲ್ಲ ಸೋಸಿ ತೆಗೆದು ಪಾಕದ ಪಾಠವನ್ನಷ್ಟೇ ಉಳಿಸಿದರು. ಆ ಗಟ್ಟಿಯ ಮಾತು ಕೇಳಿ ಇಳಿಸಿದ ಕರದಂಟು ಕಲ್ಲಿನಂತಾಯಿತು. ರುಚಿ ನೋಡಲು ಹೋದ ಐಶ್ವರ್ಯವ್ವ ದವಡೆ ಹಿಡಿದುಕೊಂಡು, “ಇದನ್ನ ಮಾರಬ್ಯಾಡ್ರಿ, ಮನಿ ಕಟ್ಟಾಕ ಕೊಡ್ರಿ,” ಎಂದಳು.

ತನ್ಮಯಿ ತಮ್ಮ ಯಂತ್ರದ ಪರದೆಯಲ್ಲಿ ಗಟ್ಟಿಯ ನೆನಪನ್ನೆಲ್ಲ ಹುಡುಕಿ ನೋಡಿದರು. ಆಮೇಲೆ ಮೆತ್ತಗೆ ಹೇಳಿದರು: “ಅಕ್ಕಾರ, ಚಂಪಾ ನಿಮ್ಮ ಸಿಟ್ಟು ನೋಡಿ ಪಾಕ ಕಲತಾಳ. ಸಿಟ್ಟಿದ್ದಾಗ ನೀವು ಜೋರಾಗಿ ತಿರುವತೀರಿ, ಹದ ಬ್ಯಾಗ ಬರತೈತಿ. ಬ್ಯಾಸರ ಇದ್ದಾಗ ಕೈ ನಿಧಾನ. ನಿಮ್ಮ ಮಾತು ಕೇಳೇ ಯಾವಾಗ ಇಳಸಬೇಕು ಅಂತ ಹೇಳತಾಳ. ಮಾತು ತಗದ್ರ ಹದಾನೂ ಹೊಕ್ಕೈತಿ. ಎರಡೂ ಹೆಣಕೊಂಡು ಬಿಟ್ಟಾವ.”

ಸ್ಫೂರ್ತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರೆಲ್ಲ ಹೊಗಳುವ ಕರದಂಟಿನ ಹದದಲ್ಲಿ ತನ್ನ ಹೊಟ್ಟೆಕಿಚ್ಚೂ ಸೇರಿತ್ತು!

ಆ ಕಡೆಯ ಪದ್ಧತಿಯೊಂದಿದೆ: ಹಿರಿಯರು ಪಾಲು ಮಾಡಿಡಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡುವವರು ಮೋಸ ಮಾಡದಿರಲಿ ಎಂದು ಹಳಬರು ಕಂಡುಕೊಂಡ ಉಪಾಯ. ಚಂಪಾಳ ಪಾಲು ಮಾಡುವುದು ಸ್ಫೂರ್ತಿಯ ಪಾಲಿಗೆ ಬಂತು. ಕರದಂಟನ್ನು ಕಲ್ಲು ಮಾಡುವ ಆ ಸೋಸಿದ ಗಟ್ಟಿಯನ್ನು ಜೊತೆಗಿಟ್ಟರೆ ಇಬ್ಬರಲ್ಲಿ ಒಬ್ಬರ ಬದುಕು ಹಾಳು. ಪಂಚಮಿ ಹತ್ತಿರ ಬಂದಿತ್ತು. ನೆಗೆಣ್ಣಿಯ ಹೊಸ ಅಂಗಡಿಗೆ ಅದೇ ಮೊದಲ ಹಬ್ಬ. ಸ್ಫೂರ್ತಿ ಮೂರು ದಿನ ಯೋಚಿಸಿದಳು. ಕೊನೆಗೆ, ಆಗುವುದಾಗಲಿ ಎಂದು, ಒಂದರಂತೆ ಒಂದಿರುವ ಎರಡು ಪೂರ್ತಿ ಗಟ್ಟಿಗಳನ್ನು ಅರಿಷಿಣ ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟಳು. ನೆಗೆಣ್ಣಿಯ ಮುಖ ನೋಡದೆ ತಟ್ಟೆಯನ್ನು ಮುಂದೆ ಸರಿಸಿದಳು.

ಇಂಚರ ತಟ್ಟೆ ನೋಡಿದಳು. ಅಕ್ಕನ ಮುಖ ನೋಡಿದಳು. ಮತ್ತೆ ತಟ್ಟೆ ನೋಡಿದಳು.

“ಡಾಕ್ಟರ, ನಿಮ್ಮ ಚೀಲದಾಗ ಖಾಲಿ ಗಟ್ಟಿ ಒಂದು ಐತೇನ್ರಿ?” ಎಂದಳು.

“ಐತಿ. ಆದ್ರ ಅದರಾಗ ಏನೂ ಇಲ್ಲರಿ.”

“ಅದ ಬೇಕ್ರಿ ನನಗ.”

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಅವಳ ಗಂಡನಂತೂ, “ಏನ್ ಹುಚ್ಚು ಹಿಡದೈತೇನ ನಿನಗ?” ಎಂದ. ಇಂಚರ ನಗುತ್ತಲೇ ಉತ್ತರ ಕೊಟ್ಟಳು. “ಚಂಪಾಗ ಗೊತ್ತಿರೋದು ಅಕ್ಕನ ಕೈ. ನನ್ನ ಕೈ ಬ್ಯಾರೆ, ನನ್ನ ಸಿಟ್ಟು ಬ್ಯಾರೆ. ಅಕ್ಕನ ಹದ ಹಿಡದು ನಾ ಮಾಡಿದ್ರ ಅದು ನನ್ನ ಅಂಗಡಿ ಹೆಂಗಾಕ್ಕೈತಿ? ತಪ್ಪಿದ್ರ ಎರಡು ಓಣಿ ದಾಟಿ ಬಂದು ಅಕ್ಕನ್ನ ಕೇಳತೀನಿ. ಬರಬ್ಯಾಡ ಅಂತಾಳೇನು?”

ಸ್ಫೂರ್ತಿ ಬಾ ಎಂದು ತಲೆಯಾಡಿಸಿದಳು. ಎರಡನೇ ಪೂರ್ತಿ ಗಟ್ಟಿಯನ್ನು ತನ್ಮಯಿ ಅಲ್ಲೇ ಅಳಿಸಿ ಚೀಲಕ್ಕೆ ಹಾಕಿಕೊಂಡರು.

ಇಂಚರಳ ಸಂಸಾರ ಗಾಡಿ ಏರಿ ಹೋದ ಮೇಲೆ ಸ್ಫೂರ್ತಿ ಅಡುಗೆಮನೆಗೆ ಬಂದಳು. ಚಂಪಾ ಕಾಯುತ್ತಿದ್ದಳು.

“ಅಕ್ಕಾರ, ಇನ್ನ ಈ ಗಟ್ಟಿಗೆ ನೀವೊಬ್ಬರ ಒಡತಿ. ಸಣ್ಣಕ್ಕಾರ ನನ್ನ ಮುಂದ ಆಡಿದ ಮಾತೂ ಈಗ ನಿಮ್ಮವ. ನಿಮ್ಮ ಬಗ್ಗೆ ಭಾಳ ಅದಾವ. ಹೇಳ್ಲೇನ್ರಿ?”

ಆಗ ಅವಳಿಗೆ ಹೊಳೆಯಿತು. ಇಂಚರಳೂ ಇದೇ ಒಲೆಯ ಮುಂದೆ ನಿಂತವಳು, ಅವಳೂ ಮಾತಾಡಿರಲೇಬೇಕು. ಖಾಲಿ ಗಟ್ಟಿ ಕೇಳಿ ಪಡೆದವಳು ತನ್ನ ಮಾತನ್ನೆಲ್ಲ ಅಕ್ಕನ ಕೈಗೆ ಕೊಟ್ಟು ಹೋಗಿದ್ದಳು. ತಿಳಿದೇ ಕೊಟ್ಟಿದ್ದಳು. ತಟ್ಟೆ ನೋಡಿ ಮುಖ ನೋಡಿದ ಆ ನೋಟದಲ್ಲಿ ಎಲ್ಲವೂ ಇತ್ತು. ಕೇಳಬೇಕೆಂಬ ಆಸೆ ಸ್ಫೂರ್ತಿಗೆ ಬಾಯಿತುಂಬ ಬಂತು. ಸುಳ್ಳೇಕೆ ಹೇಳಬೇಕು, ತುಟಿಯವರೆಗೆ ಬಂತು.

ಅವಳು ಗೂಡಿಗೆ ಕೈ ಹಾಕಿ, ಹಿಡಿಕೆ ಹಿಡಿದು, ಗಟ್ಟಿಯನ್ನು ಹೊರಗೆಳೆದಳು.

“ನಮಸ್ಕಾರ. ತಾವು ಯಾರು ಎಂದು ತಿಳಿಯಲಿಲ್ಲ,” ಎಂದಿತು ಗೋಡೆ.

“ಯಾರೋ ಒಬ್ಬಾಕಿ,” ಎಂದಳು ಸ್ಫೂರ್ತಿ. “ಸ್ವಲ್ಪ ಹೊತ್ತು ಕೇಳು. ನನಗೊಬ್ಬಾಕಿ ನೆಗೆಣ್ಣಿ ಅದಾಳ.” ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಡುನಡುವೆ ನಗುತ್ತ ಹೇಳಿದಳು. ಗಟ್ಟಿಯಿಲ್ಲದ ಗೋಡೆಯಲ್ಲಿ ಆ ಮಾತು ಒಂದೂ ಉಳಿಯಲಿಲ್ಲ. ಮರುದಿನವೇ ತನ್ಮಯಿಯನ್ನು ಕರೆಸಿ ಇಂಚರ ಆಡಿದ ಮಾತನ್ನೆಲ್ಲ ತೆಗೆಸಿಬಿಟ್ಟಳು. ಹದ ಕೆಡಲಿಲ್ಲ, ಅದರಲ್ಲಿದ್ದದ್ದು ಸ್ಫೂರ್ತಿಯದೇ ಸಿಟ್ಟಲ್ಲವೇ.

ಇಂಚರಳ ಮೊದಲ ಪಾಕ ಕೆಟ್ಟಿತು. ಎರಡನೆಯದೂ ಕೆಟ್ಟಿತು. ಸ್ಫೂರ್ತಿ ಎರಡು ಓಣಿ ದಾಟಿ ಹೋಗಿ, ಅವಳ ಕೈಯ ಮೇಲೆ ತನ್ನ ಕೈಯಿಟ್ಟು ತಿರುವಿಸಿದಳು. ಪಂಚಮಿಗೆ ಎರಡೂ ಅಂಗಡಿಯ ಮುಂದೆ ಜನ ನಿಂತಿದ್ದರು. ಕಿರಿಯವಳ ಕರದಂಟು ಒಂದಿಷ್ಟು ಮೆತ್ತಗೆ. ಹಲ್ಲಿಲ್ಲದವರೆಲ್ಲ ಆ ಕಡೆ ಹೋದರು. ಐಶ್ವರ್ಯವ್ವನೂ ಹೋದಳು.

ಕೆಲವು ವರ್ಷಗಳ ಮೇಲೆ ತನ್ಮಯಿ ಕರದಂಟು ಒಯ್ಯಲು ಬಂದವರು ಬೇಸರದಲ್ಲಿದ್ದರು. ಕಂಪನಿಯವರು ನೆನಪನ್ನು ಗೋಡೆಯೊಳಗೇ ಸೇರಿಸಿ, ಹಿಡಿಕೆ ಕಿತ್ತುಹಾಕಬೇಕು ಎನ್ನುತ್ತಿದ್ದರಂತೆ. ನೆನಪನ್ನು ಮನೆಯಿಂದ ಮನೆಗೆ ಹೊತ್ತುಕೊಂಡು ಹೋಗುವವರು ಈಗ ಯಾರಿದ್ದಾರೆ ಎಂಬುದು ಅವರ ವಾದ.

“ನೀವೇನಂದ್ರಿ?” ಎಂದಳು ಸ್ಫೂರ್ತಿ.

“ಏನೂ ಕಳದು ಹೋಗಬಾರದು ಅಂತ ಮಾಡಿದ್ದೆ ನಾನು. ಜನ ಆ ಹಿಡಿಕೀನ ನೆನಪು ಹೊರಗ ತಗದಿಟ್ಟು ಮಾತಾಡಾಕ ಬಳಸಾಕತ್ತಾರ. ಹಿಡಿಕಿ ಇರಲಿ ಅಂದೆ. ಇನ್ನೂ ಜಗಳ ನಡದೈತಿ.”

ಅದು ಮುಂದೆಂದೋ ನಡೆಯಬೇಕಾದ ಜಗಳ. ನಮ್ಮ ಮಾತು ಕೇಳುವ ಪೆಟ್ಟಿಗೆಯಂತೂ ಈಗಾಗಲೇ ಬಂದು ಕಪಾಟಿನ ಮೇಲೆ ಕುಳಿತಿದೆ. ಇಂದು ಸಂಜೆ ಅದನ್ನೊಮ್ಮೆ ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ. ಹಿಡಿಕೆ ಕಾಣುವುದಿಲ್ಲ.